ಗೆರೆ ಸಾಕು, ಒಂದು ಮಾತು ಬರೆಯಿರಿ

ಬಾಗಲಕೋಟೆಯ ನವನಗರದ ಓದುವ ಕೋಣೆಗಳಿಗೆ ಮುಂಜಾನೆ ತಡವಾಗಿ ಹೋದರೆ ಕುರ್ಚಿ ಸಿಗುವುದಿಲ್ಲ. ಪಿಎಸ್‌ಐ, ಎಫ್‌ಡಿಎ, ಪಿಡಿಒ, ಶಿಕ್ಷಕರ ನೇಮಕಾತಿ, ಯಾವುದಾದರೊಂದಕ್ಕೆ ಅರ್ಜಿ ಹಾಕಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದ ಹುಡುಗ ಹುಡುಗಿಯರು ಸಾಲಾಗಿ ಕೂತಿರುತ್ತಾರೆ. ಒಬ್ಬೊಬ್ಬರ ಮುಂದೂ ದಪ್ಪ ಪುಸ್ತಕ, ಪಕ್ಕದಲ್ಲಿ ನಾಲ್ಕು ಬಣ್ಣದ ಹೈಲೈಟರ್. ಹಳದಿ ವ್ಯಾಖ್ಯೆಗೆ, ಗುಲಾಬಿ ಇಸವಿಗೆ, ಹಸಿರು ಹೆಸರುಗಳಿಗೆ, ಕಿತ್ತಳೆ ‘ರಿಪೀಟೆಡ್’ ಪ್ರಶ್ನೆಗೆ. ಅಂಚಿನಲ್ಲಿ ಚುಕ್ಕಿ, ‘ಇಂಪ್’, ‘ವಿವಿ ಇಂಪ್’. ಪುಟ ತಿರುವಿದರೆ ಮತ್ತೆ ಅದೇ. ಬಣ್ಣ ಹತ್ತದ ಸಾಲನ್ನು ಹುಡುಕಬೇಕು.

ಹುನಗುಂದ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನ್ನನ್ನು ಈ ಮಕ್ಕಳು ಈಗಲೂ ‘ಅಕ್ಕೋರ’ ಎಂದೇ ಕರೆಯುತ್ತಾರೆ. ಕನ್ನಡ ಪತ್ರಿಕೆಗೆ ಓದುವಾಗ ಅಡ್ಡ ಬಂದದ್ದನ್ನು ಕೇಳಲು ಮನೆಗೆ ಬರುವುದುಂಟು. ಹಾಗೆ ಬಂದ ಒಬ್ಬಳ ಕೈಯಲ್ಲಿ ಕರ್ನಾಟಕ ಇತಿಹಾಸದ ನೋಟ್ಸಿನ ಜೆರಾಕ್ಸ್ ಪ್ರತಿ ಇತ್ತು. ಧಾರವಾಡದಲ್ಲಿ ಕೋಚಿಂಗ್ ಮುಗಿಸಿದ ಯಾರದೋ ಪುಸ್ತಕದಿಂದ ತೆಗೆದ ಪ್ರತಿ, ಆ ಪ್ರತಿಯಿಂದ ತೆಗೆದ ಪ್ರತಿ. ಮೂಲದವನು ಬಳಿದ ಬಣ್ಣ ಜೆರಾಕ್ಸಿನಲ್ಲಿ ಬೂದು ಮಸಿಯಾಗಿ ಇಳಿದು ಅಕ್ಷರಗಳನ್ನೇ ನುಂಗಿಬಿಟ್ಟಿತ್ತು. ಬಾದಾಮಿ ಚಾಲುಕ್ಯರ ಪುಟದಲ್ಲಿ ಅವನಿಗೆ ಯಾವುದು ಅತಿ ಮುಖ್ಯವೆನಿಸಿತ್ತೋ ಅದೊಂದೇ ಸಾಲು ಓದಲು ಬರುತ್ತಿರಲಿಲ್ಲ. ಅದರ ಮೇಲೆ ಈಕೆ ತನ್ನ ಹೊಸ ಹಳದಿ ಬಳಿದಿದ್ದಳು.

“ಇದಕ್ಕ್ಯಾಕ ಬಣ್ಣ ಹಚ್ಚಿದಿಯವ್ವಾ?” ಎಂದೆ.

“ಅವರೂ ಹಚ್ಯಾರಲ್ರಿ ಅಕ್ಕೋರ. ಇಂಪಾರ್ಟೆಂಟ್ ಇದ್ದೀತು ಅಂತ.”

ನಕ್ಕು ಬಿಡುವ ಮಾತಲ್ಲ ಇದು. ಆ ಹುಡುಗಿ ದಡ್ಡಿಯಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಗೆರೆಯ ಗುಣವೇ ಅಂಥದ್ದು. ಅದು ‘ಇಲ್ಲಿ ನೋಡು’ ಎನ್ನುತ್ತದೆ, ಯಾಕೆ ನೋಡಬೇಕು ಎಂದು ಹೇಳುವುದಿಲ್ಲ. ಎಳೆದವನಿಗಾದರೂ ಅದು ನಾಲ್ಕು ದಿನ ನೆನಪಿದ್ದೀತು. ವರ್ಷ ಕಳೆದ ಮೇಲೆ ಅವನದೇ ಪುಸ್ತಕ ಅವನ ಮುಂದಿಟ್ಟು ‘ಇದಕ್ಕೆ ಯಾಕೆ ಗೆರೆ ಹೊಡೆದಿದ್ದೆ?’ ಎಂದು ಕೇಳಿ, ತಲೆ ಕೆರೆದುಕೊಳ್ಳುತ್ತಾನೆ. ಅಮೆರಿಕದ ಮನೋವಿಜ್ಞಾನಿ ಜಾನ್ ಡನ್‌ಲಾಸ್ಕಿ ಮತ್ತು ಅವರ ಸಂಗಡಿಗರು 2013ರಲ್ಲಿ ವಿದ್ಯಾರ್ಥಿಗಳ 10 ಓದಿನ ರೂಢಿಗಳನ್ನು ಒರೆಗೆ ಹಚ್ಚಿ, ಗೆರೆ ಎಳೆಯುವುದನ್ನೂ ಬಣ್ಣ ಬಳಿಯುವುದನ್ನೂ ಕಡಿಮೆ ಪ್ರಯೋಜನದ ಸಾಲಿಗೆ ಸೇರಿಸಿದರು. ಪುಸ್ತಕ ಮುಚ್ಚಿ ತನಗೆ ತಾನೇ ಪ್ರಶ್ನೆ ಹಾಕಿಕೊಳ್ಳುವುದು ಮೇಲಿನ ಸಾಲಿಗೆ ಹೋಯಿತು. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿದ ಯಾರಿಗೂ ಇದು ಹೊಸ ಸುದ್ದಿಯಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ‘ನಿಮ್ಮ ಚಟ ಇದರೊಳಗೆ ಹಾಕಿ’ ಎಂದು ಬೇಡಿದರಲ್ಲ, ಅಂಥ ಜೋಳಿಗೆಯೊಂದನ್ನು ಹಿಡಿದು ಓದುವ ಕೋಣೆಗೆ ಹೋಗಿ ಹೈಲೈಟರ್ ಬೇಡೋಣವೇ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹಾಗೆಂದು ಪುಸ್ತಕವನ್ನು ಕನ್ನಡಿಯ ಹಾಗೆ ಇಟ್ಟುಕೊಳ್ಳಿ ಎನ್ನುವವಳು ನಾನಲ್ಲ. ಸ್ವಂತದ ಪುಸ್ತಕದಲ್ಲಿ ಧಾರಾಳ ಬರೆಯಿರಿ. ಬರೆಯುವುದು ತಪ್ಪಲ್ಲ, ಏನೂ ಬರೆಯದೆ ಬರೀ ಗೆರೆ ಎಳೆಯುವುದು ದಂಡ.

ಈ ಗೆರೆಯ ರೂಢಿ ಎಲ್ಲಿಂದ ಬಂತೆಂದು ಯೋಚಿಸಿದರೆ ತಪ್ಪಿನ ಪಾಲು ನಮ್ಮಂಥ ಮಾಸ್ತರರದೂ ಇದೆ. ನಾವು ಸಣ್ಣವರಿದ್ದಾಗ ಪುಸ್ತಕವೆಂದರೆ ಸರಸ್ವತಿ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ಜೂನ್ ತಿಂಗಳಲ್ಲಿ ಖಾಕಿ ಕಾಗದದ ರಟ್ಟು ಹಾಕಿ, ಮೊದಲ ಹಾಳೆಯ ಮೇಲೆ ‘ಶ್ರೀ’ ಬರೆದು, ಕೆಳಗೆ ಹೆಸರು, ಇಯತ್ತೆ, ಊರು ಬರೆದರೆ ಮುಗಿಯಿತು, ಅಲ್ಲಿಂದ ಮುಂದೆ ಪೆನ್ಸಿಲ್ ಮುಟ್ಟಿಸುವಂತಿಲ್ಲ. ಮುಂದಿನ ವರ್ಷ ಅದೇ ಪುಸ್ತಕ ತಮ್ಮನಿಗೋ, ಅರ್ಧ ಬೆಲೆಗೆ ನೆರೆಮನೆಯವರಿಗೋ ಹೋಗಬೇಕಿತ್ತು, ಹಾಗಾಗಿ ಆ ಶಿಸ್ತಿಗೆ ಬಡತನದ ಕಾರಣವೂ ಇತ್ತು. ಆಮೇಲೆ ಪರೀಕ್ಷೆ ಹತ್ತಿರ ಬಂತೆಂದರೆ ಅದೇ ಮಾಸ್ತರರು ‘ಇದಕ್ಕ ಗೆರಿ ಹೊಡಕೋರಿ, ಬರತದ’ ಎನ್ನುತ್ತಿದ್ದರು. ನಾನೂ ಎಂದಿದ್ದೇನೆ, ಎಲ್ಲರೂ ಎನ್ನುತ್ತಾರೆ. ಅಂದರೆ ಮಗು ಪುಸ್ತಕದ ಮೇಲೆ ಮೊದಲ ಸಲ ಕೈ ಇಡುವುದು ಇನ್ನೊಬ್ಬರ ಅಪ್ಪಣೆಯ ಮೇಲೆ, ಇನ್ನೊಬ್ಬರು ತೋರಿಸಿದ ಸಾಲಿಗೆ. ‘ಇದು ನನಗೆ ತಿಳಿಯಲಿಲ್ಲ’, ‘ಇದು ಸುಳ್ಳು’, ‘ನಮ್ಮೂರಲ್ಲಿ ಹೀಗಲ್ಲ’ ಎಂದು ಬರೆಯಲು ಯಾರೂ ಹೇಳಿಕೊಡಲಿಲ್ಲ.

ಹಿಂದಿನವರು ಹೀಗಿರಲಿಲ್ಲ. ಓಲೆಗರಿಯ ಕಾಲದಲ್ಲಿ ಬರೆಯುವುದೇ ಒಂದು ದಂಡನೆ. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಗೀರಬೇಕು, ಕಾಡಿಗೆ ತಿಕ್ಕಬೇಕು, ಆಗ ಅಕ್ಷರ ಕಾಣುತ್ತದೆ. ಗರಿಯ ಅಗಲ ಎರಡು ಬೆರಳಿಗಿಂತ ಹೆಚ್ಚಿರುವುದಿಲ್ಲ, ದಾರ ಪೋಣಿಸಲು ತೂತಿನ ಸುತ್ತ ಜಾಗ ಬಿಡಬೇಕು, ಉಳಿದದ್ದೆಲ್ಲ ತುಂಬಿರುತ್ತದೆ. ಅಂಥ ಇಕ್ಕಟ್ಟಿನಲ್ಲೂ ಓದುವವರು ಸುಮ್ಮನಿರುತ್ತಿರಲಿಲ್ಲ. ಪ್ರತಿ ಮಾಡಿದವನು ಅಕ್ಷರವೊಂದನ್ನು ಬಿಟ್ಟಿದ್ದರೆ ಅಲ್ಲಿ ಹಂಸಪಾದ ಹಾಕಿ, ಬಿಟ್ಟದ್ದನ್ನು ಸಾಲಿನ ಕೆಳಗೋ ಅಂಚಿಗೋ ಸೇರಿಸುತ್ತಿದ್ದರು. ಲಿಪಿಕಾರರೇ ಗ್ರಂಥದ ಕೊನೆಗೆ, ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕೆಂದು ಬೇಡಿಕೊಳ್ಳುವ ಪದ್ಧತಿ ಇತ್ತು. ‘ನನ್ನ ಪುಸ್ತಕ ಮುಟ್ಟಬೇಡಿ’ ಎನ್ನುವ ಬದಲು ‘ತಿದ್ದಿ’ ಎನ್ನುವ ಈ ವಿನಯ ಅಚ್ಚಿನ ಪುಸ್ತಕದಲ್ಲಿ ಮಾಯವಾಯಿತು.

ವಚನಗಳ ಮಾತನ್ನೇ ತೆಗೆದುಕೊಳ್ಳಿ. ಕೂಡಲಸಂಗಮ ನಮ್ಮ ಹುನಗುಂದ ತಾಲ್ಲೂಕಿನದು, ಅದಕ್ಕೆ ಈ ಉದಾಹರಣೆ ನನ್ನ ಬಾಯಿಗೆ ಬೇಗ ಬರುತ್ತದೆ. ಹನ್ನೆರಡನೆಯ ಶತಮಾನದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಓದಿದ ಶಿವಗಣಪ್ರಸಾದಿ ಮಹಾದೇವಯ್ಯ ಏನು ಮಾಡಿದ? ಅಲ್ಲಮ, ಬಸವಣ್ಣ, ಅಕ್ಕ, ಸಿದ್ಧರಾಮರ ವಚನಗಳನ್ನು ಒಂದರ ಎದುರು ಒಂದಿಟ್ಟು, ನಡುನಡುವೆ ತನ್ನ ಮಾತು ಸೇರಿಸಿ, ಅವರೆಲ್ಲ ಒಂದೇ ಅಂಗಳದಲ್ಲಿ ಕೂತು ವಾದ ಮಾಡುವ ಹಾಗೆ ಶೂನ್ಯಸಂಪಾದನೆ ಕಟ್ಟಿದ. ಅದನ್ನು ಓದಿದ ಹಲಗೆಯಾರ್ಯನಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ, ತಾನು ಮತ್ತೊಂದು ಮಾಡಿದ. ಆಮೇಲೆ ಗುಮ್ಮಳಾಪುರದ ಸಿದ್ಧಲಿಂಗ, ಆಮೇಲೆ ಗೂಳೂರು ಸಿದ್ಧವೀರಣ್ಣ. ನಾಲ್ಕು ಶೂನ್ಯಸಂಪಾದನೆಗಳೆಂದು ನಾವು ಪಾಠ ಮಾಡುವುದು ನಾಲ್ಕು ಮಂದಿ ಗಟ್ಟಿ ಓದುಗರ ಅಂಚಿನ ಬರಹವೆಂದೇ ನನ್ನ ಎಣಿಕೆ. ಬೆಡಗಿನ ವಚನಗಳಿಗೆ ಟೀಕೆ ಬರೆದವರೂ ಅದೇ ಜಾತಿಯವರು. ತಿಳಿಯದ ಕಡೆ ನಿಂತು, ನನಗೆ ತಿಳಿದದ್ದು ಇಷ್ಟು ಎಂದು ಬರೆದಿಟ್ಟವರು.

ಮುಂದೆ ಆ ಓಲೆಗರಿಗಳು ಮನೆಯ ಜಗಲಿ ಸೇರಿದವು. ವಿಭೂತಿ ಹಚ್ಚಿ, ಹೂವೇರಿಸಿ, ಧೂಪ ಹಾಕಿ, ಬಿಚ್ಚುವವರಿಲ್ಲದೆ ಕೂತವು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ಅಲೆದು ಅವನ್ನು ಕೂಡಿಸಿ, ಪಾಠ ನೋಡಿ, ಟಿಪ್ಪಣಿ ಹಚ್ಚಿ 1923ರಲ್ಲಿ ವಚನಶಾಸ್ತ್ರಸಾರ ತರದೆ ಹೋಗಿದ್ದರೆ, 1926ರಿಂದ ಶಿವಾನುಭವ ಪತ್ರಿಕೆ ನಡೆಸದೆ ಹೋಗಿದ್ದರೆ ಜಗಲಿಯ ಮೇಲಿನ ಕಟ್ಟು ಹುಳ ತಿಂದು ಪುಡಿಯಾಗುತ್ತಿತ್ತು. ವಿಭೂತಿಯೂ ಒಂದು ಬಗೆಯ ಹೈಲೈಟರೇ. ದೊಡ್ಡದೆಂದು ಗುರುತು ಹಚ್ಚಿ ಓದದೆ ಬಿಡುವುದು.

ನನ್ನ ತಾಯಿಯ ತಂದೆ ಹಳೆ ಬಾಗಲಕೋಟೆಯವರು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚಿದರೆ ಓದುವವರು ಅವರೇ. ಚಾಮರಸನ ಪ್ರಭುಲಿಂಗಲೀಲೆಯ ಅವರ ಪ್ರತಿ ನೋಡುವಂತಿತ್ತು. ಕಾಪಿ ಪೆನ್ಸಿಲ್ಲಿನ ಮುಳ್ಳನ್ನು ನಾಲಗೆಗೆ ತಾಗಿಸಿ ಬರೆದ ನೇರಳೆ ಅಕ್ಷರ. ಒಂದು ಪದ್ಯದ ಬದಿಗೆ ‘ಇಲ್ಲಿ ತಾಳ ನಿಲ್ಲಸಬೇಕು’, ಮತ್ತೊಂದರ ಬದಿಗೆ ‘ಮಂದಿ ಅಳತಾರ, ತಡೀಬೇಕು’, ಇನ್ನೊಂದೆಡೆ ‘ಮಳೆ ಬಂದರ ಇದನ್ನ ಬಿಟ್ಟು ಮುಂದ’. ಆಲಮಟ್ಟಿ ಅಣೆಕಟ್ಟಿನ ನೀರು 519.60 ಮೀಟರಿಗೆ ನಿಲ್ಲುತ್ತದೆಂದು ಊರು ಖಾಲಿಯಾದಾಗ ಬಾಗಿಲ ಚೌಕಟ್ಟು, ತೊಲೆ, ಕಿಟಕಿಯ ಸರಳು ಎಲ್ಲ ನವನಗರಕ್ಕೆ ಬಂದವು. ಪುಸ್ತಕದ ಟ್ರಂಕು ರದ್ದಿಯವನ ಪಾಲಾಯಿತು. ಮಳೆ ಬಂದರೆ ಯಾವ ಪದ್ಯ ಬಿಡಬೇಕೆಂಬ ಲೆಕ್ಕ ಈಗ ಯಾರಿಗೂ ಗೊತ್ತಿಲ್ಲ. ಅದನ್ನು ಯಾವ ವಿಶ್ವವಿದ್ಯಾಲಯದ ಸಂಪಾದಿತ ಆವೃತ್ತಿಯಲ್ಲೂ ಹುಡುಕಲಾಗದು.

ಇದಕ್ಕಿಂತ ಈಚಿನದೊಂದು ಹೇಳುತ್ತೇನೆ. ಇಳಕಲ್ಲಿನಲ್ಲಿ ನನ್ನ ಜೊತೆ ಕೆಲಸ ಮಾಡಿದ ಒಬ್ಬ ಮಾಸ್ತರರಿದ್ದರು. ನೇಕಾರರ ಮನೆಯವರು, ಸಂಬಳ ಬಂದ ವಾರ ಪುಸ್ತಕ ಕೊಳ್ಳದೆ ಇರುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಮನೆಯವರು ‘ಅಕ್ಕೋರ, ಬಂದು ನೋಡ್ರಿ, ಏನ ಮಾಡೂಣು’ ಎಂದು ಕರೆದರು. ಹೋಗಿ ಕೂತೆ. ಅವರ ಪುಸ್ತಕಗಳಲ್ಲಿ ಗುರುತಿಗೆ ಕಾಗದದ ಚೂರಿಲ್ಲ, ಕೆಂಪು ರೇಷ್ಮೆಯ ತುಂಡು ಎಳೆ. ಗೆರೆ ಕಡಿಮೆ, ಬರಹ ಹೆಚ್ಚು, ಎಲ್ಲ ಪೆನ್ಸಿಲ್ಲಿನಲ್ಲಿ, ಜೋಳದ ಕಾಳಿನಂಥ ಸಣ್ಣ ಅಕ್ಷರ. ಇಳಕಲ್ಲ ಸೀರೆಯ ಬಗ್ಗೆ ಬರೆದ ಪುಸ್ತಕವೊಂದರಲ್ಲಿ, ಸೀರೆಯ ಒಡಲಿಗೆ ಸೆರಗನ್ನು ಗಂಟು ಹಾಕಿ ಕೂಡಿಸುತ್ತಾರೆಂದು ಲೇಖಕರು ಬರೆದಿದ್ದಲ್ಲಿ ಇವರದು: ‘ಗಂಟಲ್ಲ. ಹಾಸಿನ ಎಳಿಗೆ ಸೆರಗಿನ ಎಳಿ ಕುಣಿಕಿ ಹಾಕಿ ಸಿಗಸತಾರ. ನಮ್ಮವ್ವ ಮಾಡೂದ ನೋಡೀನಿ. ಬರದಾವ್ರು ಮಗ್ಗದ ಕುಣ್ಯಾಗ ಇಳದಿಲ್ಲ.’ ಬದಿಯಲ್ಲಿ ಎರಡು ಕುಣಿಕೆ ಒಂದರೊಳಗೊಂದು ಸಿಕ್ಕಿದ ಚಿತ್ರ ಬೇರೆ. ಕೆಳಗೆ, ಬಹುಶಃ ಎಷ್ಟೋ ವರ್ಷಗಳ ಮೇಲೆ, ಬೇರೆ ಪೆನ್ಸಿಲ್ಲಿನಲ್ಲಿ: ‘ಈಗ ಇದನ್ನ ಮಾಡಾವ್ರು ನಮ್ಮ ಓಣ್ಯಾಗ ಯಾರೂ ಇಲ್ಲ.’

ವಚನ ಸಂಪುಟವೊಂದರಲ್ಲಿ ಜೇಡರ ದಾಸಿಮಯ್ಯನ ಪುಟಗಳು ಅತಿ ಹೆಚ್ಚು ಸವೆದಿದ್ದವು. ಅದು ಸಹಜ, ಅವನೂ ನೇಕಾರ. ಕಾಯಕದ ಮಹಿಮೆ ಹೇಳುವ ಪುಟವೊಂದರ ಅಂಚಿಗೆ ‘ಕೂಲಿ ಎಷ್ಟಂತ ಯಾರೂ ಬರೀಲಿಲ್ಲ’ ಎಂದಿತ್ತು. ಕಾಯಕದ ಬಗ್ಗೆ ನಾನು ಕೇಳಿದ ಎಷ್ಟೋ ಉಪನ್ಯಾಸಗಳಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ.

ಆ ಪುಸ್ತಕಗಳನ್ನು ಒಂದು ಗ್ರಂಥಾಲಯಕ್ಕೆ ದಾನ ಕೊಡಲು ಹೋದೆವು. ಯಾವುದೆಂದು ಹೇಳುವುದಿಲ್ಲ, ಎಲ್ಲಿಗೆ ಹೋಗಿದ್ದರೂ ಅದೇ ಉತ್ತರ ಸಿಗುತ್ತಿತ್ತೋ ಏನೋ. ಕೂತವರು ಎರಡು ಪುಸ್ತಕ ತೆರೆದು ನೋಡಿ, ‘ಗೀಚಿದ್ದು ತಗೊಳ್ಳಾಕ ಬರೂದಿಲ್ರಿ, ಚಲೋ ಕಂಡೀಷನ್ ಇದ್ದದ್ದು ಕೊಡ್ರಿ’ ಎಂದರು. ಅವರ ತಪ್ಪೂ ಅಲ್ಲ, ನಿಯಮ ಹಾಗಿದೆಯಂತೆ. ಯಾರೂ ಮುಟ್ಟದೆ ಹೊಸದಾಗಿ ಉಳಿದ ಪುಸ್ತಕಗಳನ್ನು ಮಾತ್ರ ಅವರು ಇಟ್ಟುಕೊಂಡರು. ಮಾಸ್ತರರು ಓದಿದ್ದೆಲ್ಲ ಮರಳಿ ಬಂತು, ಓದದೆ ಬಿಟ್ಟದ್ದು ಕಪಾಟು ಸೇರಿತು.

ಫ್ರಾನ್ಸಿನ ಗಣಿತಜ್ಞ ಪಿಯರ್ ದ ಫರ್ಮಾ ತನ್ನಲ್ಲಿದ್ದ ಡಯೊಫ್ಯಾಂಟಸನ ಪುಸ್ತಕದ ಅಂಚಿನಲ್ಲಿ, ಒಂದು ಪ್ರಮೇಯಕ್ಕೆ ತನಗೊಂದು ಸೊಗಸಾದ ಸಾಧನೆ ಹೊಳೆದಿದೆ, ಬರೆಯಲು ಈ ಅಂಚು ಸಾಲದು ಎಂದು ಬರೆದಿಟ್ಟ ಕಥೆ ಗಣಿತದ ಮಾಸ್ತರರಿಗೆಲ್ಲ ಗೊತ್ತು. ಆ ಪ್ರತಿ ಇಂದು ಇಲ್ಲ, ಕಳೆದುಹೋಗಿದೆ. ಅವನ ಮಗ ಸ್ಯಾಮ್ಯುಯೆಲ್ ಅಪ್ಪನ ಅಂಚಿನ ಬರಹಗಳನ್ನು ಸೇರಿಸಿಯೇ 1670ರಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದರಿಂದ ಆ ಸಾಲು ಉಳಿಯಿತು. 1995ರಲ್ಲಿ ಆಂಡ್ರ್ಯೂ ವೈಲ್ಸ್ ಸಾಧನೆ ಪ್ರಕಟವಾಗುವವರೆಗೆ ಮುನ್ನೂರು ವರ್ಷಕ್ಕೂ ಮಿಕ್ಕಿ ಗಣಿತಜ್ಞರ ನಿದ್ದೆ ಕೆಡಿಸಿತು. ಮಗ ಆ ಪ್ರತಿಯನ್ನು ಗ್ರಂಥಾಲಯವೊಂದಕ್ಕೆ ಒಯ್ದು ‘ಗೀಚಿದ್ದು ಬೇಡ’ ಎನ್ನಿಸಿಕೊಂಡು ಬಂದಿದ್ದರೆ?

ಗ್ರಂಥಾಲಯದ ಪುಸ್ತಕದಲ್ಲೂ ಬರೆಯಬಹುದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಕೂಡದು. ಪೆನ್ನು ಹಚ್ಚುವವರ ಬಗ್ಗೆ ನನಗೆ ಕನಿಕರವಿಲ್ಲ, ಪರೀಕ್ಷೆಗೆ ಬೇಕಾದ ಪುಟವನ್ನು ಬ್ಲೇಡಿನಿಂದ ಕತ್ತರಿಸಿಕೊಂಡು ಹೋಗುವವರ ಬಗ್ಗೆ ಬಾಯಿ ಬಿಟ್ಟರೆ ಪತ್ರಿಕೆಯವರು ಅಚ್ಚು ಹಾಕಲಾರರು. ಮುಂದಿನವನ ಓದಿಗೆ ಅಡ್ಡ ಕೂರುವ ಹಕ್ಕು ಯಾರಿಗೂ ಇಲ್ಲ.

ಬಾದಾಮಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಾಗಲೆಲ್ಲ ಇದೇ ಮಾತು ಬೇರೆ ರೂಪದಲ್ಲಿ ಎದುರಾಗುತ್ತಿತ್ತು. ಬಂಡೆಯ ಮೇಲೆ ಮೊಳೆಯಿಂದ ಕೊರೆದ ಹೆಸರು, ಬಾಣ ನಾಟಿದ ಹೃದಯ, ಊರು, ಇಸವಿ. ಬೈದರೆ ಒಬ್ಬ ಚುರುಕು ಹುಡುಗ, “ರಾಜರೂ ಕಲ್ಲಿನ ಮ್ಯಾಲೇ ಬರದಾರಲ್ರಿ ಅಕ್ಕೋರ” ಎಂದ. ಒಳ್ಳೆಯ ಪ್ರಶ್ನೆ, ಅದಕ್ಕೆ ಅವನನ್ನು ಮೂರನೆಯ ಗುಹೆಯ ಮಂಗಳೇಶನ ಶಾಸನದ ಮುಂದೆ ನಿಲ್ಲಿಸಿದೆ. ಶಕ ವರ್ಷ 500, ಅಂದರೆ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾನೆ. ವಿಷ್ಣುವಿಗೆ ಈ ಗುಹೆ ಮಾಡಿಸಿದ್ದಾಗಿದೆ, ನಡೆಸಲು ಒಂದು ಊರು ಬಿಟ್ಟಿದೆ, ಪುಣ್ಯ ಅಣ್ಣನಿಗೆ. ಯಾರು, ಯಾವಾಗ, ಏನು, ಯಾರಿಗಾಗಿ, ಎಲ್ಲವೂ ಇದೆ. ಕೆರೆಯಾಚೆ ತಟ್ಟುಕೋಟೆಯ ಕಡೆ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವೂ ಹೆಸರಿಗೆ ನಿಂತಿಲ್ಲ, ಆ ಮನುಷ್ಯ ಎಂಥವನೆಂದು ತ್ರಿಪದಿಯಲ್ಲಿ ಹೇಳುತ್ತದೆ. ನೀನು ಕೊರೆದದ್ದು ಏನು ಹೇಳುತ್ತದೆ ಎಂದೆ. ಹುಡುಗ ಸೋಲಲಿಲ್ಲ. ಅಲ್ಲಲ್ಲಿ ಬರೀ ಒಂದೊಂದೇ ಹೆಸರಿರುವ ಹಳೆಯ ಬರಹಗಳೂ ಇವೆಯಲ್ಲ ಎಂದು ತೋರಿಸಿದ. ಇವೆ, ಅವು ಶಿಲ್ಪಿಗಳ ಹೆಸರುಗಳೆಂದು ವಿದ್ವಾಂಸರು ಹೇಳುತ್ತಾರೆ. ‘ಕಂಬ ಕಡೆದವಗ ಹೆಸರು ಹಾಕೂ ಹಕ್ಕ ಐತಿ, ನೀ ಕಡದೀಯೇನು?’ ಎಂದ ಮೇಲೆ ಸುಮ್ಮನಾದ. ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂಬ ಕಾನೂನಿನ ಮಾತು ಅವನಿಗೆ ಅಷ್ಟು ತಾಗಲಿಲ್ಲ, ಇದು ತಾಗಿತು.

ಹಾಗಿದ್ದರೆ ಗ್ರಂಥಾಲಯದ ಓದುಗ ತನ್ನ ಮಾತನ್ನು ಎಲ್ಲಿ ಬರೆಯಬೇಕು? ನನ್ನದೊಂದು ಸಣ್ಣ ಬೇಡಿಕೆ ಇದೆ. ಗ್ರಂಥಾಲಯದ ಪುಸ್ತಕದ ಕೊನೆಗೆ ತಾರೀಖಿನ ಠಸ್ಸೆ ಹೊಡೆಯಲು ಒಂದು ಚೀಟಿ ಅಂಟಿಸಿರುತ್ತಾರಲ್ಲ, ಅದರ ಎದುರಿಗೆ ಒಂದು ಖಾಲಿ ಹಾಳೆ ಅಂಟಿಸಲಿ. ‘ಪುಟ ಇಷ್ಟು, ನನ್ನ ಮಾತು ಇದು.’ ಹೆಸರು ಬೇಕಿಲ್ಲ, ಊರು ಬರೆದರೆ ಸಾಕು. ಐಹೊಳೆಯ ಬಗ್ಗೆ ಬರೆದ ಪುಸ್ತಕವನ್ನು ಐಹೊಳೆಯವನೇ ಓದಿದಾಗ ಅವನಿಗೆ ಹೇಳುವುದು ಇದ್ದೇ ಇರುತ್ತದೆ. ಗ್ರಾನೈಟಿನ ಬಗ್ಗೆ ಇಳಕಲ್ಲಿನ ಕ್ವಾರಿಯಲ್ಲಿ ದುಡಿದವನಿಗೆ, ಮುಳುಗಡೆಯ ಬಗ್ಗೆ ಹಳೆ ಬಾಗಲಕೋಟೆಯವರಿಗೆ ಹೇಳುವುದಿರುತ್ತದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಎಂದು ಹೆಸರಿಟ್ಟಿದ್ದಾರೆ. ಊರವರ ಅರಿವು ಅಲ್ಲಿಯ ಪುಸ್ತಕಕ್ಕೆ ಸೇರಲು ಒಂದು ಹಾಳೆಯ ಜಾಗವಾದರೂ ಬೇಡವೇ?

ಜೊತೆಗೆ ಜಿಲ್ಲೆಗೊಂದು ಕಪಾಟು. ಈ ಭಾಗದ ಮಾಸ್ತರರು, ಪುರಾಣಿಕರು, ಪಾರಿಜಾತದ ಕಲಾವಿದರು, ನೇಕಾರರು ಬರೆದಿಟ್ಟ ಪುಸ್ತಕಗಳು ಬಂದರೆ ಅವನ್ನು ಮನೆಗೆ ಒಯ್ಯಲು ಕೊಡದೆ, ಅಲ್ಲೇ ಕೂತು ನೋಡಲು ಇಡಲಿ. ಹಣ ಎಲ್ಲಿಂದ ಎನ್ನುತ್ತೀರಾ? 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ 6 ಪರ್ಸೆಂಟ್ ಗ್ರಂಥಾಲಯ ಕರ ನಾವೇ ತುಂಬುತ್ತೇವೆ. ಕಪಾಟಿನ ಬೆಲೆ ಅದರಲ್ಲಿ ಹುಟ್ಟುತ್ತದೆ. ಇಳಕಲ್ಲಿನ ಆ ಮಾಸ್ತರರ ಪುಸ್ತಕಗಳು ಸದ್ಯ ನನ್ನ ಮನೆಯ ಅಟ್ಟದ ಮೇಲಿವೆ, ನಾನೂ ಮುದುಕಿ.

ಈ ಹಾಳೆಯ ಯೋಚನೆಯನ್ನು ಪರಿಚಯದ ಗ್ರಂಥಪಾಲಕರೊಬ್ಬರ ಮುಂದೆ ಇಟ್ಟೆ. ಒಳ್ಳೆಯ ಮನುಷ್ಯ, ಬೇಡವೆನ್ನಲಿಲ್ಲ, ಒಂದೇ ಅನುಮಾನ ತೆಗೆದರು: “ಯಾರರ ಹೊಲಸ ಬೈಗುಳ ಬರದರ?” ಬರೆಯುತ್ತಾರೆ, ಅದರಲ್ಲೇನೂ ಸಂಶಯವಿಲ್ಲ. ಆ ಹಾಳೆ ಕಿತ್ತು ಇನ್ನೊಂದು ಹಚ್ಚಿದರಾಯಿತು. ಅಂಟಿನ ಡಬ್ಬಿ ಅವರ ಟೇಬಲ್ಲಿನ ಮೇಲೇ ಇತ್ತು.